ಕಾನೂನಿನೊಳಗೆ ಹಕ್ಕಿ ಬಿಟ್ಟ ಓದಕ್ಕ

ಊರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಓದಕ್ಕ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಆ ಕೋಣೆಗೆ ಎರಡು ಬಾಗಿಲು. ಹೊರಗಿನದು ಬರೀ ಮರದ್ದು, ಒಳಗಿನದಕ್ಕೆ ಯಾವುದೋ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಹೊಡೆದಿದ್ದಾರೆ. ಗೋಡೆಗೂ ಸ್ಪಂಜೇ, ಅದು ಸಾಲದ ಕಡೆ ಕಂಬಳಿ. ಬೀದಿಗೆ ಕಿಟಕಿ ಇಲ್ಲ, ಪಕ್ಕದ ಕೋಣೆಯ ಕಡೆ ಮಾತ್ರ ತೆರೆಯದ ಒಂದು ಗಾಜು. ಫ್ಯಾನು ಇದೆ, ಹಾಕುವಂತಿಲ್ಲ. ಮೇಜಿನ ಮೇಲೆ ಮೈಕು, ಓರೆಯಾಗಿ ನಿಲ್ಲಿಸಿದ ಪುಸ್ತಕದ ಹಲಗೆ, ಉಗುರುಬೆಚ್ಚಗಿನ ನೀರಿನ ಲೋಟ. ಇಟ್ಟಾಗ ಸದ್ದಾಗಬಾರದೆಂದು ಲೋಟದ ತಳಕ್ಕೂ ಬಟ್ಟೆ ಸುತ್ತಿದೆ. ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದ್ದಾರೆ. ಮೈಮೇಲಿನ ಬಟ್ಟೆಯೂ ಒಗೆದು ಒಗೆದು ಮೆತ್ತಗಾದ ಹತ್ತಿಯದು. ಗರಿಗರಿ ಬಟ್ಟೆ ಉಟ್ಟರೆ ಉಸಿರಾಡಿದಾಗಲೆಲ್ಲ ಅದೂ ಮಾತಾಡುತ್ತದೆ.

ಗಾಜಿನಾಚೆ ರೆಕಾರ್ಡಿಂಗ್ ಮಾಮ ಬೆರಳೆತ್ತುತ್ತಾರೆ. ಓದಕ್ಕ ಶುರು ಮಾಡುತ್ತಾರೆ: "ಅಧ್ಯಾಯ ಹದಿನೇಳು. ಅಡಮಾನ. ಅಡಮಾನವೆಂದರೆ..." ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಹಾಲಿನ ವ್ಯಾನು ಕೀಂಕೀಂ ಎನ್ನುತ್ತ ಹಿಂದಕ್ಕೆ ಬರುತ್ತದೆ. ಓದಕ್ಕ ನಿಲ್ಲಿಸುತ್ತಾರೆ. ವ್ಯಾನು ಹೋಗುತ್ತದೆ. ಮತ್ತೆ ಬೆರಳು, ಮತ್ತೆ ಅಡಮಾನ.

ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿ, ಧ್ವನಿ ಮಾಡಿ ಕೊಡುವ ಸಣ್ಣದೊಂದು ಸಂಸ್ಥೆಯಿದು. ಬೀದಿಯಲ್ಲಿ ಗದ್ದಲ ಏಳುವುದರೊಳಗೆ ಇಲ್ಲಿನ ಕೆಲಸ ಮುಗಿಯಬೇಕು. ಓದಕ್ಕನ ಮುಖ ಕಂಡವರು ಕಡಿಮೆ. ಆದರೆ ಹಲವು ಊರುಗಳ ಹಾಸ್ಟೆಲುಗಳಲ್ಲಿ ಅವರ ದನಿ ಗೊತ್ತಿಲ್ಲದವರಿಲ್ಲ. ದಾದಿಯರ ತರಬೇತಿ, ಮಣ್ಣಿನ ವಿಜ್ಞಾನ, ಆದಾಯ ತೆರಿಗೆ, ಸಂಖ್ಯಾಶಾಸ್ತ್ರ, ಎಲ್ಲವನ್ನೂ ಅವರು ಓದಿದ್ದಾರೆ. ಚಿತ್ರ ಬಂದರೆ ಮಾತಿನಲ್ಲಿ ಬಿಡಿಸಬೇಕು: "ಮೂತ್ರಪಿಂಡ. ಗೋಡಂಬಿಯ ಆಕಾರ. ಗಾತ್ರ ನಿಮ್ಮ ಮುಷ್ಟಿಯಷ್ಟು." ಕೋಷ್ಟಕ ಬಂದರೆ ಸಾಲುಸಾಲಾಗಿ ಕೈಹಿಡಿದು ನಡೆಸಬೇಕು. ಹೆಸರು ಕೇಳುವ ಗೋಜಿಗೆ ಹೋಗದೆ ಮಕ್ಕಳೇ ಇಟ್ಟ ಹೆಸರು ಓದಕ್ಕ. ಈಗ ಗಂಡನೂ ಹಾಗೇ ಕರೆಯುತ್ತಾರೆ, ಸಿಟ್ಟು ಬಂದಾಗ ಮಾತ್ರ.

ಇದಕ್ಕೆ ಮೊದಲು ಅವರು ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುತ್ತಿದ್ದರು. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ವಿಚಾರಣೆಯ ಕಿಟಕಿ ಹತ್ತಿರ ಅಳುತ್ತಿದೆ, ಎಲ್ಲ ಅವರದೇ ದನಿ. ಒಂದು ದಿನ ಯಂತ್ರದ ದನಿ ಬಂತು, ಇವರ ಕುರ್ಚಿ ಹೋಯಿತು. ಇಲ್ಲಿ ಕೆಲಸ ಕೇಳಲು ಬಂದಾಗ ಸಂಸ್ಥೆಯ ಕಾರ್ಯದರ್ಶಿಗಳು, "ಓದಿ ಅಭ್ಯಾಸ ಇದೆಯೇನಮ್ಮಾ?" ಎಂದು ಕೇಳಿದರಂತೆ. "ಸಾರ್, ಬರದೇ ಇರೋ ಬಸ್ಸು ಬರ್ತದೆ ಅಂತ ಜನ ನಂಬೋ ಹಾಗೆ ಓದಿದೀನಿ" ಅಂದರಂತೆ ಇವರು. ಕೆಲಸ ಸಿಕ್ಕಿತು.

ಇಷ್ಟು ಗಂಭೀರ ಪುಸ್ತಕಗಳನ್ನು ಬಾಯಿತುಂಬ ಓದುವ ಹೆಂಗಸು ಮನೆಯಲ್ಲಿ ಏನು ಓದುತ್ತಾರೆ? ಮಾಟಗಾತಿಯ ಕಥೆ. ಹಲ್ಲುನೋವಿನ ರಾಕ್ಷಸ, ಎತ್ತರ ಕಂಡರೆ ತಲೆ ತಿರುಗುವ ಹಾರುವ ಕುದುರೆ, ಬಾಡಿಗೆ ಕೊಡದೆ ಅರಮನೆಯಲ್ಲಿ ಠಿಕಾಣಿ ಹೂಡಿದ ದೆವ್ವ, ಇಂಥವೆಲ್ಲ ಓಡಾಡುವ ನಗೆ ಕಾದಂಬರಿಗಳು. ಅಗ್ಗದ ಕಾಗದ, ಕಿತ್ತುಬರುವ ಹೊಲಿಗೆ, ಹೊದಿಕೆಯ ಮೇಲೆ ಕಣ್ಣು ಕುಕ್ಕುವ ಬಣ್ಣ. ಒಲೆಯ ಮೇಲೆ ನೀರು ಕಾಯುವಾಗ ನಾಲ್ಕು ಪುಟ, ಬಟ್ಟೆ ನೆನೆಯುವಾಗ ನಾಲ್ಕು ಪುಟ.

"ಬೆಳಿಗ್ಗೆ ಎದ್ದು ರಕ್ತ ಹೆಪ್ಪುಗಟ್ಟೋದು ಹೇಗೆ ಅಂತ ಓದಿರ್ತೀನಿ. ಒಂದು ಅಕ್ಷರ ತಪ್ಪಿದ್ರೆ ಯಾರದೋ ಪರೀಕ್ಷೆ ಹೋಯ್ತು. ಮನೆಗೆ ಬಂದ್ಮೇಲೆ ಯಾರದೂ ಏನೂ ಹೋಗದೇ ಇರೋಂಥ ಪುಸ್ತಕ ಬೇಕು ನಂಗೆ" ಎನ್ನುತ್ತಾರೆ. ಮತ್ತೆ ಸೇರಿಸುತ್ತಾರೆ: "ಇದೊಂದೇ ನಾನು ಬಾಯಿ ಮುಚ್ಕೊಂಡು ಓದೋದು. ಕಣ್ಣಲ್ಲೇ. ಅದೆಷ್ಟು ಹಾಯಿ ಅಂತ ಬೇರೆಯವರಿಗೆ ಗೊತ್ತಾಗಲ್ಲ."

ಹೊರಗೆ ಇದನ್ನು ಹೇಳಿಕೊಳ್ಳಲು ಮಾತ್ರ ಅವರಿಗೆ ಸಂಕೋಚ. ತಳ್ಳುಗಾಡಿಯಲ್ಲಿ ಹಳೆ ಪುಸ್ತಕ ಮಾರುವವನು ಮೊದಲ ಸಲ "ಯಾರಿಗೆ ಅಮ್ಮಾ?" ಎಂದಾಗ ಬಾಯಿಗೆ ಬಂದದ್ದು "ಮೊಮ್ಮಗನಿಗೆ". ಅವರ ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ. ಆದರೆ ಅಂದಿನಿಂದ ಆ ಹುಡುಗ ಬೆಳೆಯುತ್ತಲೇ ಇದ್ದಾನೆ. ಅವನಿಗೆ ಜ್ವರ ಬಂದದ್ದುಂಟು, ಹಲ್ಲು ಬಿದ್ದದ್ದುಂಟು. ಈಚೆಗೆ ಗಾಡಿಯವನು, "ಅಮ್ಮಾ, ಅವನಿಗೀಗ ಮೀಸೆ ಬರೋ ವಯಸ್ಸಲ್ವಾ? ಇನ್ನೂ ಮಾಟಗಾತಿ ಅಂತ ಕೂತಿದ್ರೆ ಹೇಗೆ? ಒಳ್ಳೇ ಪುಸ್ತಕ ಕೊಡಿ" ಎಂದು ಬುದ್ಧಿ ಹೇಳಿದ. "ಹೇಳ್ತೀನಪ್ಪಾ, ಕೇಳಲ್ಲ ಅವನು" ಎಂದು ನಿಟ್ಟುಸಿರು ಬಿಟ್ಟು, ಇನ್ನೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

ಆ ಇನ್ನೊಂದೇ ಈಗಿನ ಎಲ್ಲ ತಾಪತ್ರಯಕ್ಕೂ ಮೂಲ. ಅದರಲ್ಲೊಬ್ಬ ಆಸ್ಥಾನ ಮಾಂತ್ರಿಕ. ವಿದ್ಯೆಯೆಲ್ಲ ಬರುತ್ತದೆ, 'ಅ'ಕಾರ 'ಹ'ಕಾರ ಮಾತ್ರ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಬರಗಾಲಕ್ಕೆಂದು "ಕಣಜದ ತುಂಬ ಅಕ್ಕಿ ಬರಲಿ" ಎನ್ನಹೋಗಿ "ಹಕ್ಕಿ ಬರಲಿ" ಎನ್ನುತ್ತಾನೆ. ಕಣಜದ ತುಂಬ ರೆಕ್ಕೆಗಳ ಪಟಪಟ. ರಾಣಿಗೆ ಹಾಡು ಕೇಳುವ ಆಸೆಯಾದರೆ ಅಂತಃಪುರಕ್ಕೆ ಆಡು ಬಂದು ನಿಲ್ಲುತ್ತದೆ. ಹೊರಬಿದ್ದ ಹಕ್ಕಿಗಳನ್ನು ಅಕ್ಕಿಯಾಗಿಸುವುದು ಹೇಗೆ ಎಂದು ಇಡೀ ರಾಜ್ಯ ತಲೆ ಕೆಡಿಸಿಕೊಳ್ಳುವುದೇ ಕಥೆ. ಓದಕ್ಕ ಅದನ್ನು ಮುಗಿಸಿ, ಮರುದಿನವೇ ಮತ್ತೆ ಮೊದಲಿಂದ ಹಿಡಿದರು.

ಆ ವಾರ ಸ್ಟುಡಿಯೋದಲ್ಲಿ ನಡೆಯುತ್ತಿದ್ದದ್ದು ಕಾನೂನು ವಿದ್ಯಾರ್ಥಿಗಳ ಪಠ್ಯ, ಆಸ್ತಿ ಕಾನೂನು. ಓದಕ್ಕ ಎಂದಿನಂತೆ ಓದಿದರು. ರೆಕಾರ್ಡಿಂಗ್ ಮಾಮ ಎಂದಿನಂತೆ ಕೇಳಿ, ಕೆಮ್ಮು ಕತ್ತರಿಸಿ, ಪುಟ ಮಗುಚಿದ ಸದ್ದು ತೆಗೆದು ಕಳಿಸಿದರು. ನಾಲ್ಕು ದಿನ ಬಿಟ್ಟು ಸಂಸ್ಥೆಗೆ ಫೋನು ಬಂತು. ಕಾನೂನು ಓದುತ್ತಿರುವ ಹುಡುಗಿ. ಹುಟ್ಟಿನಿಂದಲೇ ಕಣ್ಣು ಕಾಣದವಳು, ಮೊದಲ ವರ್ಷದಿಂದಲೂ ಓದಕ್ಕನ ದನಿಯಲ್ಲೇ ಪಾಸಾಗಿ ಬಂದವಳು.

"ಓದಕ್ಕಾ, ಒಂದು ಡೌಟು. ಬಾಡಿಗೆದಾರನಿಗೆ ಮನೆಯ ಮೇಲೆ ಹಕ್ಕಿ ಇರೋದಿಲ್ಲ ಅಂದ್ರೆ ಏನು?"

"ಏನು ಇರೋದಿಲ್ಲ?"

"ಹಕ್ಕಿ. ನೀವೇ ಓದಿದೀರಿ. ಮಾಲೀಕನಿಗೆ ಮಾತ್ರ ಹಕ್ಕಿ ಇರುತ್ತದೆ. ಬೇಕಾದರೆ ಅವನು ತನ್ನ ಹಕ್ಕಿಯನ್ನು ಬೇರೊಬ್ಬರಿಗೆ ವರ್ಗಾಯಿಸಬಹುದು. ನಾನು ಲ್ಯಾಟಿನ್ ಪದ ಇರಬೇಕು ಅನ್ಕೊಂಡು ಎರಡು ದಿನ ಹುಡುಕಿದೆ."

ಹಕ್ಕು ಎಂದಿದ್ದ ಕಡೆಯೆಲ್ಲ ಹಕ್ಕಿ ಕೂತಿತ್ತು. ಒಂದಲ್ಲ ಎರಡಲ್ಲ, ಅಧ್ಯಾಯದ ಕೊನೆಯ ಭಾಗವಿಡೀ. ಓದಕ್ಕ ಮಾಮನ ಕಡೆ ತಿರುಗಿದರೆ ಆತ ಕೈ ಆಡಿಸಿಬಿಟ್ಟರು: "ನನ್ನ ನೋಡ್ಬೇಡಿ. ನಾನು ಕೇಳೋದು ಶಬ್ದ. ಅರ್ಥನೂ ಕೇಳ್ತಿದ್ರೆ ಇಷ್ಟೊತ್ತಿಗೆ ಲಾಯರ್ ಆಗಿರ್ತಿದ್ದೆ."

"ತಪ್ಪಾಯ್ತು ಕಣಮ್ಮಾ" ಎಂದು ಫೋನಿನಲ್ಲಿ ಓದಕ್ಕ ಬೇಡಿಕೊಂಡರು. "ಇವತ್ತೇ ಸರಿಮಾಡಿ ಕಳಿಸ್ತೀನಿ. ಅದು... ಮನೇಲಿ ಒಂದು ಪುಸ್ತಕ ಓದ್ತಿದ್ದೆ, ಅದರ ಹಕ್ಕಿ ಇಲ್ಲಿಗೆ ಬಂದ್ಬಿಟ್ಟಿದೆ."

ಯಾವ ಪುಸ್ತಕ ಎಂದು ಹುಡುಗಿ ಬಿಡದೆ ಕೇಳಿದಳು. ಓದಕ್ಕ ನಾಚಿಕೊಳ್ಳುತ್ತಲೇ ಮಾಂತ್ರಿಕನ ಕಥೆ ಹೇಳಿದರು. ಕಣಜದ ತನಕ ಬರುವಷ್ಟರಲ್ಲಿ ಆ ಕಡೆ ನಗು. ಆಡು ಅಂತಃಪುರಕ್ಕೆ ಬಂದಾಗ ಫೋನು ಕೈಯಿಂದ ಜಾರಿ ಬಿದ್ದ ಸದ್ದು. ಆಮೇಲೆ ಅವಳು ಹೇಳಿದ ಮಾತು ಓದಕ್ಕನಿಗೆ ಅಕ್ಷರಕ್ಷರ ನೆನಪಿದೆ: "ನಮಗೆ ಸಿಗೋದು ಎರಡೇ ತರ ಪುಸ್ತಕ, ಓದಕ್ಕಾ. ಪಾಸಾಗೋಕೆ ಒಂದು, ಒಳ್ಳೆಯವರಾಗೋಕೆ ಒಂದು. ಸುಮ್ನೆ ನಗೋಕೆ ಅಂತ ನಮಗೆ ಯಾರೂ ಏನೂ ಓದಿಕೊಡಲ್ಲ. ಇದನ್ನ ಓದ್ತೀರಾ?"

"ಈಗ ಫೋನೇ ಓದುತ್ತಂತಲ್ಲಮ್ಮಾ?"

"ಓದುತ್ತೆ. ಜೋಕನ್ನೂ ಸಾವಿನ ಸುದ್ದಿನೂ ಒಂದೇ ದನಿಯಲ್ಲಿ."

ಈಗ ಆ ಹುಡುಗಿಯ ಹಾಸ್ಟೆಲಿನಲ್ಲಿ ಸ್ನಾನದ ಮನೆಯ ಸರದಿಗೆ ಜಗಳವಾದರೆ "ಇವತ್ತು ನನ್ನ ಹಕ್ಕಿ, ನೀನು ಆಚೆ ನಡಿ" ಎನ್ನುತ್ತಾರಂತೆ. ಆ ಅಧ್ಯಾಯವನ್ನು ತಿದ್ದಿ ಕಳಿಸಿದ್ದಾಯಿತು, ಆದರೆ ಹಳೆಯದನ್ನು ಅಳಿಸಲು ಹುಡುಗಿಯರು ಒಪ್ಪಿಲ್ಲ.

ಆ ಕಥೆಯನ್ನು ಅವಳಿಗಾಗಿ ಓದಬೇಕೆಂದು ಓದಕ್ಕನಿಗೆ ಅವತ್ತೇ ಆಸೆಯಾಯಿತು. ಅಡ್ಡ ಬಂದದ್ದು ಅವರದೇ ಗಂಟಲು.

ಗಂಟಲಲ್ಲಿ ದನಿ ಹುಟ್ಟಿಸುವುದು ಎರಡು ತೆಳು ಮಡಿಕೆಗಳು. ಉಸಿರು ಅವುಗಳ ನಡುವೆ ನುಗ್ಗುವಾಗ ಅವು ಕೂಡಿ, ಬಿಡಿಸಿಕೊಂಡು ಕಂಪಿಸುತ್ತವೆ. ಸ್ವರವೆಂದರೆ ಆ ಕಂಪನವೇ. 'ಹ' ಎನ್ನುವಾಗ ಮಾತ್ರ ಅವು ಕೊಂಚ ತೆರೆದುಕೊಂಡು ಉಸಿರನ್ನು ಹಾಗೇ ಹೋಗಬಿಡುತ್ತವೆ. ವರ್ಷಗಟ್ಟಲೆ ಓದಿ ಓದಿ ಓದಕ್ಕನ ಮಡಿಕೆಗಳ ಅಂಚಿಗೆ ಎದುರುಬದುರಾಗಿ ಎರಡು ಪುಟ್ಟ ಗಂಟುಗಳು ಬೆಳೆದಿವೆ. ಗಂಟು ಅಡ್ಡವಿರುವುದರಿಂದ ಮಡಿಕೆಗಳು ಪೂರ್ತಿ ಕೂಡುವುದಿಲ್ಲ, ಗಾಳಿ ಸೋರುತ್ತದೆ. ದಣಿದಾಗ ಅವರ ಪ್ರತಿ 'ಅ'ಕಾರದ ಬೆನ್ನಿಗೂ ಸಣ್ಣದೊಂದು 'ಹ' ಅಂಟಿಕೊಂಡು ಬರುತ್ತದೆ. "ನನ್ನ ಗಂಟಲೇ ಆ ಮಾಂತ್ರಿಕ ಆಗಿಬಿಟ್ಟಿದೆ ನೋಡಿ" ಎನ್ನುತ್ತಾರೆ.

ನಗುವಂಥ ಮಾತೇನೂ ಅಲ್ಲ ಅದು. ಅಕ್ಕಿಯೂ ಹಕ್ಕಿಯೂ ಒಂದೇ ಥರ ಕೇಳಿಸಿದರೆ ಕಥೆಯ ಜೀವವೇ ಹೋಯಿತು. ಮಾಂತ್ರಿಕನನ್ನು ಓದುವುದಾದರೆ ಎರಡೂ ಬೇರೆ ಬೇರೆಯಾಗಿ ಹೊರಡುವಷ್ಟು ದನಿ ಉಳಿದಿರುವಾಗಲೇ ಓದಬೇಕು. ಅಷ್ಟರಲ್ಲಿ ಗಂಟಲಿನ ವೈದ್ಯೆ ಆ ಗಂಟು ತೆಗೆಯುವ ಆಪರೇಷನ್ನಿಗೆ ದಿನ ಕೊಟ್ಟಾಗಿದೆ. "ಆಮೇಲೆ ದನಿ ಬರುತ್ತೆ. ಇದೇ ದನಿ ಬರುತ್ತೆ ಅಂತ ನಾನು ಮಾತು ಕೊಡಲ್ಲ" ಎಂದಿದ್ದಾರೆ ಆಕೆ. ಅಲ್ಲಿಯವರೆಗೆ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಓದಬಹುದು. ಉಳಿದ ಹೊತ್ತು ಮಾತಿಲ್ಲ, ಪಿಸುಮಾತೂ ಇಲ್ಲ. ಕೀರಲು ದನಿ, ಗೊಗ್ಗರು ದನಿ ಅಂತ ನಾಟಕ ಮಾಡುವುದಂತೂ ಇಲ್ಲವೇ ಇಲ್ಲ.

ಆ ಅರ್ಧ ಗಂಟೆಯನ್ನು ಯಾರಿಗೆ ಕೊಡುವುದು? ಆಸ್ತಿ ಕಾನೂನು ಇನ್ನೂ ಐದು ಅಧ್ಯಾಯ ಬಾಕಿ, ಪರೀಕ್ಷೆ ಹತ್ತಿರ. ಕಾರ್ಯದರ್ಶಿಗಳದು ಬೇರೆಯೇ ಚಿಂತೆ. "ದಾನಿಗಳು ಓದೋ ಮಕ್ಕಳಿಗೆ ಅಂತ ಕೊಡ್ತಾರಮ್ಮಾ. ಈ ಮಾಂತ್ರಿಕನನ್ನ ಯಾವ ಬಾಬ್ತಿನಲ್ಲಿ ತೋರಿಸಲಿ?"

"ಕಾನೂನು ಪುಸ್ತಕದ ತಿದ್ದುಪಡಿ ಅಂತ ತೋರಿಸಿ ಸಾರ್."

ಕಾರ್ಯದರ್ಶಿಗಳು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಮೊದಲು ಕಾನೂನು ಮುಗೀಲಿ. ಆಮೇಲೂ ನಿಮಗೆ ದನಿ ಇದ್ರೆ, ನನಗೆ ಕೇಳಿಸದ ಹಾಗೆ ಏನಾದ್ರೂ ಮಾಡ್ಕೊಳ್ಳಿ."

ಹೀಗಾಗಿ ಮನೆಯಲ್ಲಿ ಈಗ ಮೌನ. ಸ್ಟುಡಿಯೋದಲ್ಲಿ ಖರ್ಚು ಮಾಡುವ ಮಾತನ್ನು ಮನೆಯಲ್ಲಿ ಉಳಿಸಬೇಕು. ಗಂಡನದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಓದಕ್ಕನ ಕೈಸನ್ನೆ ಅವರಿಗೆ ಇನ್ನೂ ಪಳಗಿಲ್ಲ. ಉಪ್ಪು ಕೇಳಿದರೆ ಕತ್ತರಿ ತರುತ್ತಾರೆ, ಕಿಟಕಿ ಹಾಕಿ ಎಂದರೆ ಬಂದು ಪಕ್ಕದಲ್ಲಿ ಕೂರುತ್ತಾರೆ. ಸಿಟ್ಟು ಬಂದರೆ ಓದಕ್ಕ ಚಮಚದಿಂದ ತಟ್ಟೆಗೆ ಬಡಿಯುತ್ತಾರೆ. "ಬಡೀರಿ, ಬಡೀರಿ. ಅಂಗಡೀಲಿ ಹತ್ತು ಗಡಿಯಾರ ಬಡ್ಕೊಳ್ತಾವೆ, ಮನೇಲಿ ಒಂದು" ಎನ್ನುತ್ತಾರೆ ಗಂಡ.

ಕಾದಂಬರಿಯನ್ನು ಮೈಕಿಗೆ ಓದುವುದು ಮಾತ್ರ ಆತನಿಗೆ ಸುತರಾಂ ಇಷ್ಟವಿಲ್ಲ. ಕಾದಂಬರಿಯ ಮೇಲಿನ ತಾತ್ಸಾರ ಅಲ್ಲ ಅದು. "ಅದೊಂದೇ ಇತ್ತು ಇವಳಿಗೆ ಅಂತ. ಕತ್ತಲಲ್ಲೇ ಎದ್ದು ಊರಿನ ಓದೆಲ್ಲ ಓದಿ ಬಂದು, ಆ ಮೂಲೇಲಿ ಕೂತು ಒಬ್ಬಳೇ ಕಿಸಿಕಿಸಿ ನಗ್ತಿದ್ಲು. ಅದನ್ನೂ ತಗೊಂಡು ಹೋಗಿ ಮೈಕಿನ ಮುಂದೆ ಇಟ್ರೆ ಅದೂ ಕೆಲಸ ಆಯ್ತಲ್ಲ? ಇನ್ನು ಇವಳು ಯಾವುದಕ್ಕೆ ನಗಬೇಕು?"

ಓದಕ್ಕ ಈ ಪ್ರಶ್ನೆಗೆ ಕೈಸನ್ನೆಯಲ್ಲಿ ಉತ್ತರ ಕೊಡಲು ನೋಡುತ್ತಾರೆ. ಆಗುವುದಿಲ್ಲ. ಕೊನೆಗೆ, ಉಳಿಸಿಟ್ಟದ್ದರಲ್ಲಿ ಒಂದಿಷ್ಟು ಖರ್ಚು ಮಾಡಿಯೇ ಹೇಳುತ್ತಾರೆ: "ಅವಳು ನಕ್ಕಾಗ ಫೋನು ಬಿತ್ತು, ರೀ. ನಾನು ಇಷ್ಟು ವರ್ಷ ಓದಿದೀನಿ. ಯಾರೂ ಏನೂ ಬೀಳಿಸ್ಕೊಂಡಿರ್ಲಿಲ್ಲ." ಗಂಡ ನೀರು ಕಾಯಿಸಿ ಲೋಟಕ್ಕೆ ಹಾಕಿ ಕೊಡುತ್ತಾರೆ.

ಆಸ್ತಿ ಕಾನೂನು ಒಂದು ಮಂಗಳವಾರ ಮುಗಿಯುತ್ತದೆ. ಕೊನೆಯ ಅಧ್ಯಾಯದ ಕೊನೆಯ ವಾಕ್ಯದ ಹೊತ್ತಿಗೆ ಓದಕ್ಕನ ದನಿ ನೆನೆದ ಕಾಗದದಂತಾಗಿರುತ್ತದೆ. ಆ ವಾಕ್ಯವನ್ನು ಮತ್ತೆ ಮತ್ತೆ ಓದಿ ಸರಿಮಾಡುತ್ತಾರೆ. ಬುಧವಾರ ಅವರು ಬಾಯಿಯನ್ನೇ ಬಿಡುವುದಿಲ್ಲ. ಗುರುವಾರ ಬೆಳಿಗ್ಗೆ ಕಂಕುಳಲ್ಲಿ ಕಣ್ಣು ಕುಕ್ಕುವ ಬಣ್ಣದ ಪುಸ್ತಕ ಇಟ್ಟುಕೊಂಡು ಸ್ಟುಡಿಯೋಕ್ಕೆ ಬರುತ್ತಾರೆ. ಆಸ್ಪತ್ರೆಗೆ ಸೇರಬೇಕಾದದ್ದು ಸೋಮವಾರ. ಅಷ್ಟರಲ್ಲಿ ಇಡೀ ಪುಸ್ತಕ ಆಗುವುದಿಲ್ಲವೆಂದು ಅವರಿಗೂ ಗೊತ್ತು. ಮೊದಲ ಅಧ್ಯಾಯವಾದರೂ ಆದರೆ ಸಾಕು.

"ಮಾಂತ್ರಿಕನಿಗೆ ಯಾವ ದನಿ ಮಾಡ್ತೀರಿ?" ಎಂದು ಮಾಮ ಕೇಳುತ್ತಾರೆ.

"ಯಾವುದೂ ಮಾಡೋ ಹಾಗಿಲ್ಲ. ಕಾನೂನು ಓದಿದ ಹಾಗೇ ಓದ್ತೀನಿ."

"ಹಾಗೆ ಓದಿದ್ರೆ ನಗು ಬರುತ್ತಾ?"

"ಅದೇ ನಂಗೂ ಭಯ."

ಬೆರಳು ಏಳುತ್ತದೆ. ಓದಕ್ಕ ಎರಡು ಗುಟುಕು ನೀರು ಕುಡಿದು ಶುರು ಮಾಡುತ್ತಾರೆ. ಅಡಮಾನ, ಗುತ್ತಿಗೆ, ವರ್ಗಾವಣೆಗಳನ್ನು ಓದಿದ ಅದೇ ನೇರ ದನಿ, ಅದೇ ಗಾಂಭೀರ್ಯ, ವಾಕ್ಯದ ಕೊನೆಯಲ್ಲಿ ಅದೇ ನಿಲುಗಡೆ. ಕಥೆಯ ಮೊದಲ ದೃಶ್ಯದಲ್ಲಿ ರಾಜ ನಿದ್ದೆ ಬರುತ್ತಿಲ್ಲವೆಂದು ಮಾಂತ್ರಿಕನನ್ನು ಕರೆಸಿದ್ದಾನೆ. ಅರಮನೆಯ ದೀಪಗಳನ್ನೆಲ್ಲ ಒಂದೇ ಮಂತ್ರಕ್ಕೆ ಆರಿಸಬೇಕು.

"ದೀಪಗಳೆಲ್ಲ ಆರಲಿ ಎಂದು ಅಪ್ಪಣೆ ಮಾಡಿ ರಾಜನು ಮಲಗಿದನು" ಎಂದು ಓದಕ್ಕ ಓದುತ್ತಾರೆ. 'ಆರಲಿ' ಎಂಬಲ್ಲಿ ಕತ್ತಿನ ನರ ಬಿಗಿಯುತ್ತದೆ. ಆದರೆ ಅಕ್ಷರ ಶುದ್ಧವಾಗಿ ಬರುತ್ತದೆ, ಬೆನ್ನಿಗೆ ಏನೂ ಅಂಟಿಕೊಂಡಿಲ್ಲ. "ಮಾಂತ್ರಿಕನು ಕೈಯೆತ್ತಿ, ದೀಪಗಳೆಲ್ಲ ಹಾರಲಿ ಎಂದನು. ದೀಪಗಳು ಹಾರಿದವು. ಗೂಡಿನ ದೀಪವು ಗೂಡು ಬಿಟ್ಟು ಹಾರಿತು. ರಾಜನು ಎದ್ದು ಕುಳಿತು, ಇದು ಯಾವ ಕಾಯಿದೆಯ ಪ್ರಕಾರ ಎಂದು ಕೇಳಿದನು."

ಗಾಜಿನಾಚೆ ಏನೋ ಸಿಡಿದಂಥ ಸದ್ದು. ಮಾಮ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ, ಹೆಗಲು ಕುಣಿಯುತ್ತಿದೆ, ಕಣ್ಣಲ್ಲಿ ನೀರು. ಕೋಣೆಯೊಳಗೆ ಕೇಳಿಸುವಂತೆ ಮಾತಾಡುವ ತಮ್ಮ ಕಡೆಯ ಮೈಕಿನ ಗುಂಡಿ ಒತ್ತಿಕೊಂಡೇ ನಕ್ಕುಬಿಟ್ಟಿದ್ದಾರೆ. ಓದಕ್ಕ ಪುಸ್ತಕದಿಂದ ತಲೆ ಎತ್ತಿ ಅವರನ್ನೇ ನೋಡುತ್ತಾರೆ.

"ಸಾರಿ, ಸಾರಿ. ನನ್ನ ನಗು ಒಳಗೆ ಬಂದ್ಬಿಟ್ಟಿದೆ" ಎನ್ನುತ್ತಾರೆ ಮಾಮ, ಕಣ್ಣೊರೆಸಿಕೊಳ್ಳುತ್ತ. "ನೀವು ಮತ್ತೆ ಓದಿ ದಣೀಬೇಡಿ. ಅದನ್ನ ಕತ್ತರಿಸಿ ತೆಗೀತೀನಿ, ಗೊತ್ತೇ ಆಗಲ್ಲ."

ಓದಕ್ಕ ಮೈಕಿಗೆ ಅಡ್ಡವಾಗಿ ಅಂಗೈ ಹಿಡಿದು, ತುಂಬ ಮೆಲ್ಲಗೆ ಹೇಳುತ್ತಾರೆ:

"ಇರ್ಲಿ ಬಿಡಿ. ಕೇಳೋರಿಗೆ, ತಾವೊಬ್ಬರೇ ನಗ್ತಿಲ್ಲ ಅಂತ ಗೊತ್ತಾಗ್ಲಿ."